ಅನಸ್ತೇಷಿಯಾ, ನಮ್ಮ ಜಾತಿ, ಒಂದು ಬ್ಲಡ್ ಟೆಸ್ಟ್: ತಂಗಿ ಐಸಿಯುನಿಂದ ತಮ್ಮನ ಆಪರೇಷನ್ ತನಕ ನಮ್ಮನೆ ಅನುಭವ

ಹೋದ ವಾರ ನನ್ನ ತಮ್ಮನಿಗೆ ಹರ್ನಿಯಾ ಆಪರೇಷನ್ ಆಯ್ತು. ಲ್ಯಾಪರೋಸ್ಕೋಪಿ, ಪೂರ್ತಿ ಜನರಲ್ ಅನಸ್ತೇಷಿಯಾ. ಮುಗಿದ ಮೇಲೆ ಎಲ್ಲರ ಥರಾನೇ ಎದ್ದ, ಮಾತಾಡಿದ, ಸಂಜೆ ಗಂಜಿ ಕುಡಿದ. ಬೇರೆಯವರ ಮನೇಲಿ ಇದು ಹೇಳ್ಕೊಳ್ಳೋ ವಿಷಯಾನೇ ಅಲ್ಲ, ಆದ್ರೆ ನಮ್ಮನೇಲಿ ಈ ಆಪರೇಷನ್ ತನಕ ಬರೋಕೆ ಹತ್ತಿರ ಹತ್ತಿರ ಒಂದು ವರ್ಷ ಹಿಡೀತು, ಮಧ್ಯದಲ್ಲಿ ಎಷ್ಟೋ ಲ್ಯಾಬು, ಎಷ್ಟೋ ಕಾಗದ, ಎಷ್ಟೋ ಜಗಳ. ಈಗ ಎಲ್ಲಾ ಒಂದು ಹಂತಕ್ಕೆ ಬಂದಿದೆ, ನಮ್ಮ ಆರ್ಯವೈಶ್ಯರಲ್ಲಿ ಕೆಲವರಿಗೆ ಅನಸ್ತೇಷಿಯಾದ ಒಂದು ಇಂಜೆಕ್ಷನ್ ಮೈಯಿಂದ ಬೇಗ ಇಳಿಯಲ್ಲ ಅನ್ನೋ ಈ ವಿಷಯದ ಬಗ್ಗೆ ನೆಂಟರ ಪೈಕಿ ದಿನಾ ಒಬ್ಬರು ಫೋನ್ ಮಾಡಿ ಕೇಳ್ತಿದ್ದಾರೆ, ಹಾಗಾಗಿ ಮೊದಲಿಂದ ಕೊನೆ ತನಕ ಬರೆದುಬಿಡೋಣ ಅಂತ ಕೂತಿದೀನಿ. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಶುರುವಾಗಿದ್ದು ತಂಗಿ ಹೆರಿಗೆಯಲ್ಲಿ. ಬೆಂಗಳೂರಲ್ಲೇ ಒಂದು ಪ್ರೈವೇಟ್ ಆಸ್ಪತ್ರೆ. ನಾರ್ಮಲ್ ಆಗುತ್ತೆ ಅಂತ ಕಾಯ್ತಾ ಇದ್ದಾಗ ಮಗುವಿನ ಹಾರ್ಟ್‌ಬೀಟ್ ಇಳೀತು, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕಾಯೋಷ್ಟು ಟೈಮ್ ಇಲ್ಲ, ಪೂರ್ತಿ ಮತ್ತು ಕೊಟ್ಟೇ ಸಿಸೇರಿಯನ್ ಮಾಡ್ತೀವಿ ಅಂದ್ರು, ತಂಗಿ ಗಂಡ ಸೈನ್ ಹಾಕಿದ. ಮಗು ಬೇಗನೇ ಹೊರಗೆ ಬಂತು, ಗಂಡು, ಚೆನ್ನಾಗಿ ಅಳ್ತಿತ್ತು. ನಾವೆಲ್ಲಾ ಖುಷೀಲಿ ಇದ್ವಿ. ತಂಗಿ ಮಾತ್ರ ಹೊರಗೆ ಬರ್ಲಿಲ್ಲ. ಕೇಳಿದಾಗೆಲ್ಲಾ ಸಿಸ್ಟರ್ "ಇನ್ನೂ ಎಚ್ಚರ ಆಗಿಲ್ಲ, ಸ್ವಲ್ಪ ಹೊತ್ತು" ಅಂತಿದ್ರು. ಆಮೇಲೆ ಡಾಕ್ಟರೇ ಬಂದು, ಆಪರೇಷನ್ ಸರಿಯಾಗೇ ಆಗಿದೆ, ಆದ್ರೆ ಉಸಿರಾಟ ಸ್ವಂತ ಶುರುವಾಗಿಲ್ಲ, ವೆಂಟಿಲೇಟರ್‌ನಲ್ಲೇ ಐಸಿಯುಗೆ ಶಿಫ್ಟ್ ಮಾಡ್ತೀವಿ ಅಂದ್ರು. ವೆಂಟಿಲೇಟರ್ ಅನ್ನೋ ಮಾತು ಕೇಳಿ ಅಮ್ಮ ಅಲ್ಲೇ ಬೆಂಚ್ ಮೇಲೆ ಕುಸಿದು ಕೂತ್ರು.

ರಾತ್ರಿ ಪೂರ್ತಿ ಹಾಗೇ ಹೋಯ್ತು. ಬೆಳಗಿನ ಜಾವ ಕೈ ಅಲ್ಲಾಡಿಸಿದ್ಲು, ಮಧ್ಯಾಹ್ನದ ಹೊತ್ತಿಗೆ ಟ್ಯೂಬ್ ತೆಗೆದ್ರು. ಅವಳು ಆಮೇಲೆ ನನಗೆ ಹೇಳಿದ ಒಂದು ಮಾತು ಇವತ್ತಿಗೂ ತಲೇಲಿ ಕೂತಿದೆ. "ಅಕ್ಕಾ, ನಂಗೆ ಸ್ವಲ್ಪ ಹೊತ್ತು ಎಲ್ಲಾ ಕೇಳಿಸ್ತಿತ್ತು ಕಣೆ. ಯಾರೋ ನನ್ನ ಹೆಸರು ಕೂಗಿ ಕಣ್ಣು ಬಿಡಮ್ಮ ಕಣ್ಣು ಬಿಡಮ್ಮ ಅಂತಿದ್ರು. ರೆಪ್ಪೆ ಎತ್ತೋಕೇ ಆಗ್ಲಿಲ್ಲ. ಸತ್ತೋಗಿದೀನಿ, ಹೀಗೇ ಇರುತ್ತೇನೋ ಅನ್ಕೊಂಡೆ." ಆಪರೇಷನ್ ಮುಗೀತು ಅಂತ ಮತ್ತಿನ ಗ್ಯಾಸ್ ನಿಲ್ಲಿಸಿದ್ದಾರೆ, ಪ್ರಜ್ಞೆ ಬಂದಿದೆ, ಸ್ನಾಯುಗಳನ್ನ ಸಡಿಲ ಮಾಡೋ ಔಷಧಿ ಮಾತ್ರ ಇನ್ನೂ ಇಳಿದಿಲ್ಲ, ಅದಕ್ಕೇ ಹಾಗಾಗಿದ್ದು. ಗೊತ್ತಾದ ತಕ್ಷಣ ಮತ್ತೆ ನಿದ್ದೆಗೆ ಔಷಧಿ ಕೊಟ್ರಂತೆ. ಆ ಸ್ವಲ್ಪ ಹೊತ್ತು ಅವಳಿಗೆ ಎಷ್ಟು ದೊಡ್ಡದಾಗಿತ್ತು ಅಂತ ಬೇರೆ ಯಾರಿಗೂ ಗೊತ್ತಾಗಲ್ಲ, ತಿಂಗಳುಗಟ್ಟಲೆ ಲೈಟ್ ಆಫ್ ಮಾಡಿ ಮಲಗ್ತಿರ್ಲಿಲ್ಲ ಅವಳು.

ಮಾರನೇ ದಿನ ಒಬ್ಬರು ಸೀನಿಯರ್ ಅನಸ್ತೇಷಿಯಾ ಡಾಕ್ಟರ್ ಮೇಡಂ ಬಂದ್ರು. ಅಪ್ಪನ ಹತ್ರ ಮೊದಲು ಕೇಳಿದ್ದೇ "ತಪ್ಪು ತಿಳ್ಕೋಬೇಡಿ, ನಿಮ್ದು ಯಾವ ಜನ? ಆರ್ಯವೈಶ್ಯರಾ?" ಅಂತ. ಅಪ್ಪ ಚಳ್ಳಕೆರೇಲಿ ಅಂಗಡಿ ಇಟ್ಕೊಂಡು ಜೀವನ ಮಾಡಿದವರು, ಯಾರಿಗೂ ಜೋರಾಗಿ ಮಾತಾಡಿದವರಲ್ಲ, ಅವತ್ತು ಮಾತ್ರ ಸಿಡಿದುಬಿದ್ರು. ಮಗಳು ಐಸಿಯುನಲ್ಲಿ ಮಲಗಿದ್ರೆ ಜಾತಿ ಕೇಳ್ತೀರಲ್ಲಮ್ಮಾ ಅಂತ. ಮೇಡಂ ಸಿಟ್ಟಾಗ್ಲಿಲ್ಲ, ಕುರ್ಚಿ ಎಳ್ಕೊಂಡು ಕೂತು ನಿಧಾನಕ್ಕೆ ವಿವರಿಸಿದ್ರು.

ತಂಗಿಗೆ ಕೊಟ್ಟಿದ್ದು ಸಕ್ಸಿನೈಲ್‌ಕೋಲಿನ್ ಅನ್ನೋ ಇಂಜೆಕ್ಷನ್, ಡಾಕ್ಟರ್‌ಗಳು ಸಕ್ಸ್, ಸ್ಕೋಲಿನ್ ಅಂತೆಲ್ಲ ಕರೀತಾರೆ. 1950ರ ದಶಕದ ಶುರುವಿನಿಂದ ಪ್ರಪಂಚದ ತುಂಬಾ ಬಳಸ್ತಿರೋ ಔಷಧಿ. ಎಮರ್ಜೆನ್ಸೀಲಿ ಬೇಗ ಗಂಟಲಿಗೆ ಟ್ಯೂಬ್ ಹಾಕ್ಬೇಕಾದಾಗ ಇದನ್ನೇ ಕೊಡ್ತಾರೆ, ಯಾಕಂದ್ರೆ ಒಂದು ನಿಮಿಷದೊಳಗೆ ಕೆಲಸ ಮಾಡುತ್ತೆ, ಹತ್ತು ನಿಮಿಷದೊಳಗೆ ಇಳಿದೂ ಹೋಗುತ್ತೆ. ಇಳಿಯೋದು ಹೇಗೆ ಅಂದ್ರೆ ನಮ್ಮ ರಕ್ತದಲ್ಲಿ ಲಿವರ್ ತಯಾರಿಸಿ ಬಿಡೋ ಒಂದು ಎಂಜೈಮ್ ಇದೆ, ಬ್ಯೂಟಿರಿಲ್‌ಕೋಲಿನೆಸ್ಟರೇಸ್ ಅಂತ, ಹಳೇ ಹೆಸರು ಸ್ಯೂಡೋಕೋಲಿನೆಸ್ಟರೇಸ್, ಅದು ಈ ಔಷಧೀನ ಒಡೆದು ಹಾಕುತ್ತೆ. ಆ ಎಂಜೈಮ್ ಇಲ್ದಿರೋರಿಗೆ ನಿಮಿಷಗಳಲ್ಲಿ ಹೋಗ್ಬೇಕಾದ ಔಷಧಿ ಗಂಟೆಗಟ್ಟಲೆ ಕೂತ್ಕೊಳುತ್ತೆ. ಉಳಿದ ಹಾಗೆ ಅವರು ಪೂರ್ತಿ ಆರೋಗ್ಯವಂತರು. ಊಟ, ಓಡಾಟ, ಹೆರಿಗೆ, ಯಾವುದಕ್ಕೂ ತೊಂದ್ರೆ ಇಲ್ಲ. ಈ ಔಷಧಿ ಮೈಗೆ ಹೋಗೋ ತನಕ ಗೊತ್ತೇ ಆಗಲ್ಲ.

ಇದು ಎಲ್ಲ ಕಡೆ ಅಪರೂಪ, ಆದ್ರೆ ನಮ್ಮ ವೈಶ್ಯ ಸಮುದಾಯದಲ್ಲಿ ಬೇರೆಯವರಿಗಿಂತ ನೂರು ಪಟ್ಟು ಹೆಚ್ಚು ಅಂತ ಸಂಶೋಧನೆಗಳು ಹೇಳ್ತವೆ. ಹಾಗಾಗಿ ಈ ಕಡೆ ಬಹಳ ಅನಸ್ತೇಷಿಯಾ ಡಾಕ್ಟರ್‌ಗಳು ಆಪರೇಷನ್‌ಗೆ ಮುಂಚೆ ಕೇಳೇ ಕೇಳ್ತಾರಂತೆ. ಅವತ್ತು ಎಮರ್ಜೆನ್ಸಿ, ಯಾರಿಗೂ ಕೇಳೋಕೆ ಟೈಮ್ ಸಿಗ್ಲಿಲ್ಲ. ಕೇಳಿದ್ರೂ ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು? ನನಗಂತೂ ಗೊತ್ತಿರ್ಲಿಲ್ಲ. ವಾಸವಿ ಜಯಂತಿಗೆ ವರ್ಷ ವರ್ಷ ಸೇರ್ತೀವಿ, ಒಬ್ಬರ ಬಾಯಲ್ಲೂ ಈ ವಿಷಯ ಕೇಳಿಲ್ಲ.

ಇಲ್ಲಿಂದ ಶುರುವಾಯ್ತು ಕಾಗದದ ಕೆಲಸ. ಡಿಸ್ಚಾರ್ಜ್ ಸಮ್ಮರೀಲಿ ಬರೆದಿದ್ದು "ಅನಸ್ತೇಷಿಯಾದಿಂದ ಚೇತರಿಕೆ ತಡವಾಯಿತು" ಅನ್ನೋ ಒಂದೇ ಸಾಲು. ಯಾವ ಔಷಧಿ, ಎಷ್ಟು ಹೊತ್ತು, ಏನೂ ಇಲ್ಲ. ಇದನ್ನ ಹಿಡ್ಕೊಂಡು ನಾಳೆ ಇನ್ನೊಂದು ಆಸ್ಪತ್ರೆಗೆ ಹೋದ್ರೆ ಅವರಿಗೆ ಏನೂ ಅರ್ಥ ಆಗಲ್ಲ. ನಮಗೆ ಬೇಕಾಗಿದ್ದು ಅನಸ್ತೇಷಿಯಾ ಚಾರ್ಟ್, ಅಂದ್ರೆ ಆಪರೇಷನ್ ನಡೀವಾಗ ಡಾಕ್ಟರ್ ಕೈಯಲ್ಲೇ ತುಂಬೋ ಶೀಟು, ಯಾವ ಇಂಜೆಕ್ಷನ್ ಎಷ್ಟು ಗಂಟೆಗೆ ಎಷ್ಟು ಡೋಸ್ ಅಂತ ಅದರಲ್ಲಿರುತ್ತೆ. ಮೆಡಿಕಲ್ ರೆಕಾರ್ಡ್ಸ್ ಸೆಕ್ಷನ್‌ನಲ್ಲಿ ಅದನ್ನ ಕೊಡಲ್ಲ, ಸಮ್ಮರಿ ಮಾತ್ರ ಕೊಡೋದು ಅಂದ್ರು. ಆಮೇಲೆ ಪೇಷಂಟೇ ಬರ್ಬೇಕು ಅಂದ್ರು, ಬಾಣಂತೀನ ಹೇಗೆ ಕರ್ಕೊಂಡು ಹೋಗೋದು. ಇದು ನೆನಪಿಟ್ಕೊಳ್ಳಿ: ಪೇಷಂಟ್ ಅಥವಾ ಅವರು ಬರೆದುಕೊಟ್ಟ ಪ್ರತಿನಿಧಿ ಕೇಳಿದ್ರೆ 72 ಗಂಟೆ ಒಳಗೆ ರೆಕಾರ್ಡ್ ಕೊಡ್ಬೇಕು ಅಂತ 2002ರ ಮೆಡಿಕಲ್ ಕೌನ್ಸಿಲ್ ನಿಯಮದಲ್ಲೇ ಇದೆ. ತಂಗಿ ಸೈನ್ ಹಾಕಿದ ಆಥರೈಸೇಶನ್ ಲೆಟರ್, ಇಬ್ಬರ ಆಧಾರ್ ಝೆರಾಕ್ಸ್, ಯುಎಚ್‌ಐಡಿ, ಅಂದ್ರೆ ಆಸ್ಪತ್ರೆಯವರು ಪೇಷಂಟ್‌ಗೆ ಕೊಡೋ ನಂಬರ್ ಬರೆದ ಅರ್ಜಿ, ಅದರ ಇನ್ನೊಂದು ಕಾಪಿ ಮೇಲೆ ಸೀಲ್ ಹಾಕಿಸ್ಕೊಂಡು ಬಂದೆ. ಆಮೇಲೆ ತಡ ಮಾಡ್ಲಿಲ್ಲ, ಪುಟಕ್ಕೆ ಇಷ್ಟು ಅಂತ ದುಡ್ಡು ತಗೊಂಡು ಕೊಟ್ರು. ಅದೇ ನಿಯಮದ ಪ್ರಕಾರ ಆಸ್ಪತ್ರೆ ರೆಕಾರ್ಡ್ ಇಟ್ಕೊಳ್ಬೇಕಾಗಿರೋದು ಮೂರು ವರ್ಷ ಮಾತ್ರ, ಆಮೇಲೆ ಕೇಳ್ತೀನಿ ಅಂದ್ರೆ ಸಿಗದೇ ಇರ್ಬಹುದು, ಬೇಗ ತಗೊಂಡುಬಿಡಿ.

ಇನ್ಶೂರೆನ್ಸ್‌ನವರದ್ದು ಬೇರೆ ಕಥೆ. ಐಸಿಯು ಬಿಲ್ ಹೆಚ್ಚಿಗೆ ಬಂದಿತ್ತಲ್ಲ, ಇದು ಹುಟ್ಟಿನಿಂದ ಇದ್ದ ಜೆನೆಟಿಕ್ ಸಮಸ್ಯೆ ಅಲ್ವಾ ಅಂತ ಒಂದು ಕ್ವೈರಿ ಹಾಕಿದ್ರು. ಜೆನೆಟಿಕ್ ಕಾಯಿಲೆ ಅನ್ನೋ ಕಾರಣಕ್ಕೇ ಕ್ಲೇಮ್ ತಳ್ಳಿಹಾಕ್ಬಾರ್ದು ಅಂತ ಇನ್ಶೂರೆನ್ಸ್ ಕಂಪನಿಗಳ ಮೇಲೆ ನಿಗಾ ಇಡೋ ಸಂಸ್ಥೆ ಐಆರ್‌ಡಿಎಐ 2018ರಲ್ಲಿ ಸುತ್ತೋಲೆ ಕೊಟ್ಟಿದೆ, ಅದನ್ನ ಲಗತ್ತಿಸಿ ಡಾಕ್ಟರ್ ಲೆಟರ್ ಜೊತೆ ಕಳಿಸಿದ್ವಿ, ಸ್ವಲ್ಪ ಎಳೆದಾಡಿ ಪಾಸ್ ಮಾಡಿದ್ರು. ಮುಂದೆ ಮಾಡಿಸಿದ ಟೆಸ್ಟ್‌ಗಳೆಲ್ಲಾ ಅಡ್ಮಿಟ್ ಆಗ್ದೇ ಮಾಡಿಸಿದ್ದು, ಅದು ಪೂರ್ತಿ ನಮ್ಮ ಕೈಯಿಂದಾನೇ.

ಇನ್ನು ಟೆಸ್ಟ್. ಐಸಿಯುನಲ್ಲಿದ್ದಾಗಲೇ ತಂಗಿ ರಕ್ತ ಕಳಿಸಿದ್ರು, ಎಂಜೈಮ್ ತುಂಬಾ ಕಮ್ಮಿ ಅಂತ ಬಂತು. ಆದ್ರೆ ಅದೊಂದನ್ನೇ ನಂಬೋ ಹಾಗಿಲ್ಲ ಅಂದ್ರು ಮೇಡಂ. ಗರ್ಭಿಣಿಯರಲ್ಲಿ, ಹೆರಿಗೆ ಆದ ಹೊಸದರಲ್ಲಿ ಎಲ್ಲರಿಗೂ ಈ ಎಂಜೈಮ್ ಇಳಿದಿರುತ್ತೆ. ಲಿವರ್ ತೊಂದ್ರೆ ಇದ್ರೂ ಇಳಿಯುತ್ತೆ. ರಕ್ತ, ಪ್ಲಾಸ್ಮಾ ಹಾಕಿಸ್ಕೊಂಡಿದ್ರೆ ಬೇರೆಯವರ ಎಂಜೈಮ್ ಸೇರಿ ಜಾಸ್ತಿ ತೋರಿಸ್ಬಹುದು. ಹಾಗಾಗಿ ಬಾಣಂತನ ಮುಗಿಯೋ ತನಕ ಕಾದು ಮತ್ತೆ ಮಾಡಿಸಿ ಅಂದ್ರು. ಆ ಕಾಯೋ ಹೊತ್ತು ಕಷ್ಟದ್ದು, ಅಷ್ಟರಲ್ಲಿ ಏನಾದ್ರೂ ಎಮರ್ಜೆನ್ಸಿ ಬಂದ್ರೆ ಅನ್ನೋ ಭಯ. ಮೇಡಂ ಒಂದು ಹಾಳೇಲಿ ದಪ್ಪಕ್ಷರದಲ್ಲಿ "ಸಕ್ಸಿನೈಲ್‌ಕೋಲಿನ್, ಮಿವಾಕ್ಯೂರಿಯಂ ಕೊಡಬಾರದು" ಅಂತ ಬರೆದು ಸೈನ್ ಸೀಲ್ ಹಾಕಿ ಕೊಟ್ಟಿದ್ರು (ಮಿವಾಕ್ಯೂರಿಯಂ ಕೂಡ ಇದೇ ಎಂಜೈಮಿಂದ ಇಳಿಯೋ, ಸ್ನಾಯು ಸಡಿಲ ಮಾಡೋ ಔಷಧಿ), ತಂಗಿ ಅದನ್ನ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಿದ್ಲು.

ಆಮೇಲೆ ಅಪ್ಪ, ಅಮ್ಮ, ತಮ್ಮ, ನಾನು ಎಲ್ಲರೂ ಮಾಡಿಸೋಣ ಅಂತಾಯ್ತು. ಮೊದಲು ನಮ್ಮ ಕಡೆ ಊರಲ್ಲೇ ನೋಡೋಣ ಅಂತ ಒಂದು ಲ್ಯಾಬ್‌ಗೆ ಹೋದ್ವಿ. ಚೀಟಿ ನೋಡಿದ ಹುಡುಗ ಒಂದು ಸಲ ಅಪ್ಪನ ಮುಖ ನೋಡಿದ, ಒಂದು ಸಲ ನನ್ನ ಮುಖ ನೋಡಿದ, ಮೆಲ್ಲಗೆ "ಅಕ್ಕ, ಪಾಯ್ಸನ್ ಕೇಸಾ? ಯಾರು ಕುಡಿದಿರೋದು?" ಅಂದ. ನನಗೆ ಒಂದು ಕ್ಷಣ ಏನೂ ಹೊಳೀಲಿಲ್ಲ. ವಿಷಯ ಏನಂದ್ರೆ ಹೊಲಕ್ಕೆ ಹೊಡೆಯೋ ಆರ್ಗನೋಫಾಸ್ಫರಸ್ ಔಷಧಿ ಕುಡಿದವರಲ್ಲಿ ಇದೇ ಎಂಜೈಮ್ ಬಿದ್ದುಹೋಗುತ್ತೆ, ನಮ್ಮ ಕಡೆ ಲ್ಯಾಬ್‌ಗಳಿಗೆ ಕೋಲಿನೆಸ್ಟರೇಸ್ ಟೆಸ್ಟ್ ಬರೋದೇ ಅದಕ್ಕೆ. ಅಮ್ಮನಿಗೆ ಅದು ತುಂಬಾ ನೋವಾಯ್ತು, ಪಕ್ಕದಲ್ಲಿ ಕೂತಿದ್ದ ಪರಿಚಯದವರು ಬೇರೆ ಕೇಳಿಸ್ಕೊಂಡ್ರು, ಸಂಜೆ ಹೊತ್ತಿಗೆ ಊರಲ್ಲೆಲ್ಲಾ ಮಾತು. ಆದ್ರಿಂದ ಚೀಟೀಲೇ "ಅನಸ್ತೇಷಿಯಾ ಸಂಬಂಧ, ಕುಟುಂಬ ತಪಾಸಣೆ" ಅಂತ ಡಾಕ್ಟರ್ ಹತ್ರ ಬರೆಸ್ಕೊಂಡು ಹೋಗಿ. ಇನ್ನೊಂದು, "ಸೀರಮ್ ಕೋಲಿನೆಸ್ಟರೇಸ್" ಅಂತ ಸ್ಪಷ್ಟವಾಗಿ ಇರ್ಲಿ, ಆರ್‌ಬಿಸಿ ಕೋಲಿನೆಸ್ಟರೇಸ್ ಅಂತ ಇನ್ನೊಂದಿದೆ, ಅದು ಕೆಂಪು ರಕ್ತಕಣದಲ್ಲಿರೋ ಬೇರೆ ಎಂಜೈಮು. ಹೊಲಕ್ಕೆ ಔಷಧಿ ಹೊಡೆಯೋ ಕೆಲಸ ಮಾಡೋರಾಗಿದ್ರೆ ಅದನ್ನೂ ಡಾಕ್ಟರ್‌ಗೆ ಹೇಳಿ, ರಿಸಲ್ಟ್ ಓದೋವಾಗ ಬೇಕಾಗುತ್ತೆ. ಖರ್ಚು ನಮಗೆ ತಲೆಗೆ ಒಂಬೈನೂರು ಚಿಲ್ಲರೆ ಬಿತ್ತು, ಬೆಂಗಳೂರಲ್ಲಿ ಇನ್ನೊಂದು ಕಡೆ ಸಾವಿರದ ಇನ್ನೂರು ಹೇಳಿದ್ರು. ನಾರ್ಮಲ್ ಎಷ್ಟು ಅನ್ನೋದು ಲ್ಯಾಬಿಂದ ಲ್ಯಾಬಿಗೆ ಬೇರೆ, ಮನೆಯವರೆಲ್ಲ ಒಂದೇ ಲ್ಯಾಬಲ್ಲಿ ಮಾಡಿಸಿದ್ರೆ ಹೋಲಿಸೋಕೆ ಸುಲಭ.

ರಿಸಲ್ಟ್ ಬಂತು. ತಂಗಿದು ಎರಡನೇ ಸಲಾನೂ ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅನ್ನೋಷ್ಟು. ಅಪ್ಪ ಅಮ್ಮಂದು ಕಮ್ಮಿ ಕಡೆಗೆ. ನಂದು ರೇಂಜ್ ಒಳಗೇ ಇತ್ತು. ತಮ್ಮಂದು ತಂಗಿ ಥರಾನೇ, ತಳದಲ್ಲಿ. ಅವನು ಮೊಬೈಲ್‌ನಲ್ಲಿ ರಿಪೋರ್ಟ್ ತೆರೆದು ನೋಡಿ ಏನೂ ಮಾತಾಡ್ದೇ ಎದ್ದು ಹೊರಗೆ ಹೋದ. ಅವನಿಗೆ ಆಗ್ಲೇ ಹರ್ನಿಯಾ ಅಂತ ಗೊತ್ತಾಗಿತ್ತು, ಆಪರೇಷನ್ ಮುಂದೂಡ್ತಾ ಇದ್ದ.

ಇಲ್ಲಿ ಒಂದು ಮುಖ್ಯ ವಿಷಯ. ತಮ್ಮನಿಗೆ ಕಾಲೇಜಲ್ಲಿದ್ದಾಗ ಅಪೆಂಡಿಕ್ಸ್ ಆಪರೇಷನ್ ಆಗಿತ್ತು, ಏನೂ ಆಗಿರ್ಲಿಲ್ಲ. ಅದಕ್ಕೇ ನಾವು ಅವನಿಗೇನಿಲ್ಲ ಅಂತ ಧೈರ್ಯವಾಗಿದ್ವಿ. ಹಳೇ ಫೈಲ್ ತೆಗೆದು ನೋಡಿದ್ರೆ ಅದು ಸ್ಪೈನಲ್, ಬೆನ್ನಿಗೆ ಕೊಟ್ಟಿದ್ದು, ಸಕ್ಸ್ ಹಾಕೇ ಇಲ್ಲ. ಹಿಂದೆ ಆಪರೇಷನ್ ಚೆನ್ನಾಗಾಗಿದೆ ಅನ್ನೋದು ಇದಕ್ಕೆ ಪುರಾವೆ ಅಲ್ಲ, ಯಾವ ಅನಸ್ತೇಷಿಯಾ, ಯಾವ ಔಷಧಿ ಅನ್ನೋದನ್ನ ನೋಡ್ಬೇಕು.

ಆಮೇಲೆ ಜೀನ್ ಟೆಸ್ಟ್. ಎಂಜೈಮ್ ಲೆವೆಲ್ ಗೊತ್ತಾದ್ಮೇಲೆ ಇದು ಬೇಕೇ ಬೇಕು ಅಂತೇನಿಲ್ಲ, ಅಂದ್ರೂ ನಾವು ಮಾಡಿಸಿದ್ವಿ, ಯಾಕಂದ್ರೆ ನನ್ನಂಥವರಿಗೆ ಲೆವೆಲ್ ನಾರ್ಮಲ್ ಬಂದ್ರೂ ಒಂದು ಕೆಟ್ಟ ಪ್ರತಿ ಇರ್ಬಹುದು (ಈ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಎರಡು ಪ್ರತಿ ಇರುತ್ತೆ), ಲೆವೆಲ್ ನೋಡಿ ಹೇಳೋಕಾಗಲ್ಲ. ಮೊದಲು ವಿಚಾರಿಸಿದ ಲ್ಯಾಬ್‌ನವರು ಒಂದು ರೆಡಿ ಪ್ಯಾಕೇಜ್ ಹೇಳಿದ್ರು, ಕಮ್ಮಿ ದುಡ್ಡು, ಬೇಗ ರಿಪೋರ್ಟ್. ಜೆನೆಟಿಕ್ ಕೌನ್ಸೆಲರ್ ಅದರ ವಿವರ ನೋಡಿ ಬೇಡ ಅಂದ್ರು. ಅದರಲ್ಲಿ ಹುಡುಕ್ತಿದ್ದಿದ್ದು ಈ ಜೀನಿನ ಎರಡೇ ಎರಡು ಬದಲಾವಣೆ, ಯುರೋಪಿನ ಜನರಲ್ಲಿ ಹೆಚ್ಚಾಗಿ ಸಿಗೋವು, ಅಟಿಪಿಕಲ್ ಅಂತ ಒಂದು, ಕೆ ವೇರಿಯಂಟ್ ಅಂತ ಒಂದು. ವೈಶ್ಯರಲ್ಲಿ ಕಂಡುಬರೋದು ಬೇರೇನೇ, ಎಲ್ 307 ಪಿ ಅಂತಾರೆ, ಎಂಜೈಮ್ ಕಟ್ಟೋ ಅಮೈನೋ ಆಸಿಡ್‌ಗಳ ಸಾಲಲ್ಲಿ 307ನೇ ಜಾಗದಲ್ಲಿ ಲ್ಯೂಸೀನ್ ಇರ್ಬೇಕಾದ ಕಡೆ ಪ್ರೋಲೀನ್ ಬಂದು ಕೂತಿರೋದು, 2006ರ ಹೊತ್ತಿಗೆ ಇದು ಪ್ರಕಟ ಆಗಿದೆ. ಆ ಪ್ಯಾಕೇಜ್ ಮಾಡಿಸಿದ್ರೆ ತಂಗಿಗೆ "ಮ್ಯುಟೇಶನ್ ಇಲ್ಲ" ಅಂತ ಸುಂದರವಾದ ರಿಪೋರ್ಟ್ ಬರ್ತಿತ್ತು! ಅದನ್ನ ನಂಬಿ ಮುಂದಿನ ಆಪರೇಷನ್‌ನಲ್ಲಿ ಯಾರಾದ್ರೂ ಮತ್ತೆ ಅದೇ ಇಂಜೆಕ್ಷನ್ ಕೊಟ್ಟಿದ್ರೆ? ಇದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಮೈ ನಡುಗುತ್ತೆ. ಡೈಬುಕೇನ್ ನಂಬರ್ ಅಂತ ಹಳೇ ಟೆಸ್ಟ್ ಒಂದಿದೆ, ಅದೂ ಹಾಗೇ, 1957ರಲ್ಲಿ ಆ ಅಟಿಪಿಕಲ್ ಎಂಜೈಮ್ ಗುರುತಿಸೋಕೆ ಬಂದಿದ್ದು. ಎಂಜೈಮ್ ಇದ್ದು ಅದರ ಗುಣ ಬೇರೆ ಇದ್ರೆ ಅದು ಹಿಡಿಯುತ್ತೆ, ಎಂಜೈಮೇ ಇಲ್ಲದ ರಕ್ತದಲ್ಲಿ ಅದು ಏನನ್ನ ಅಳೀಬೇಕು.

ಪ್ರಪಂಚದ ಯಾವುದೋ ಒಂದು ಭಾಗದ ಜನರನ್ನ ನೋಡಿ ಪಟ್ಟಿ ಮಾಡಿದ್ರೆ, ಆ ಪಟ್ಟೀಲಿ ಇಲ್ದಿರೋರು ಆರೋಗ್ಯವಂತರು ಅಂತಲೇ ಲೆಕ್ಕ ಆಗಿಬಿಡುತ್ತೆ. ನನಗೆ ಈ ಇಡೀ ವರ್ಷದಲ್ಲಿ ಅತಿ ಹೆಚ್ಚು ಸಿಟ್ಟು ಬಂದಿದ್ದು ಇದಕ್ಕೇ.

ಕೌನ್ಸೆಲರ್ ಹೇಳಿದ ಹಾಗೆ ತಂಗಿಗೆ ಈ ಎಂಜೈಮಿನ ಜೀನ್, ಬಿಸಿಎಚ್‌ಇ ಅಂತಾರೆ, ಅದನ್ನ ಇಡೀ ಓದಿಸಿದ್ವಿ, ಒಂಬತ್ತು ಸಾವಿರ ಆಯ್ತು. ಅವಳಲ್ಲಿ ಯಾವ ಬದಲಾವಣೆ ಅಂತ ಗೊತ್ತಾದ್ಮೇಲೆ ಉಳಿದವರಿಗೆ ಆ ಒಂದೇ ಜಾಗ ನೋಡಿದ್ರೆ ಸಾಕು, ತಲೆಗೆ ಮೂರೂವರೆ ಸಾವಿರ. ಎಲ್ಲರೂ ಒಟ್ಟಿಗೆ ಹೋಗಿ ದೊಡ್ಡ ಟೆಸ್ಟ್ ಮಾಡಿಸ್ಬೇಡಿ, ಮೊದಲು ತೊಂದ್ರೆ ಆದವರಿಗೆ ಮಾಡಿಸಿ. ರಿಪೋರ್ಟ್‌ಗೆ ವಾರಗಟ್ಟಲೆ ಕಾದ್ವಿ, ಬಂದಾಗ ಇನ್ನೊಂದು ಗಾಬರಿ. ಅದರಲ್ಲಿ 307 ಇಲ್ಲವೇ ಇಲ್ಲ, 335 ಅಂತ ಇತ್ತು! ಇದು ಯಾವುದೋ ಬೇರೆ ಬದಲಾವಣೆ, ಬೇರೆಯವರ ರಿಪೋರ್ಟ್ ಬಂದಿದೆ ಅಂತ ತಂಗಿ ಗಂಡ ಲ್ಯಾಬ್‌ಗೆ ಫೋನ್ ಮಾಡಿ ಜಗಳಾನೇ ಆಡಿದ. ಆಮೇಲೆ ಗೊತ್ತಾಗಿದ್ದು ಎರಡೂ ಒಂದೇ. ಈ ಎಂಜೈಮ್ ತಯಾರಾಗುವಾಗ ಮುಂದೆ 28 ಅಮೈನೋ ಆಸಿಡ್‌ನ ಒಂದು ತುಂಡು ಇರುತ್ತೆ, ಜೀವಕೋಶದಿಂದ ಹೊರಗೆ ಬರೋವಾಗ ಅದು ಕತ್ತರಿಸಿ ಹೋಗುತ್ತೆ. ಹಳೇ ಪದ್ಧತೀಲಿ ಅದನ್ನ ಬಿಟ್ಟು ಎಣಿಸ್ತಿದ್ರು, ಈಗ ಸೇರಿಸಿ ಎಣಿಸ್ತಾರೆ. 307ಕ್ಕೆ 28 ಕೂಡಿಸಿದ್ರೆ 335. ನಿಮ್ಮ ರಿಪೋರ್ಟ್‌ನಲ್ಲೂ ಹೀಗೇ ಬಂದ್ರೆ ಗಾಬರಿ ಆಗ್ಬೇಡಿ, ಡಾಕ್ಟರ್ ಹತ್ರ ಎರಡೂ ನಂಬರ್ ಬರೆಸಿಟ್ಕೊಳ್ಳಿ.

ತಂಗಿ, ತಮ್ಮ ಇಬ್ಬರಿಗೂ ಎರಡೂ ಪ್ರತಿ ಬದಲಾಗಿವೆ. ಅಪ್ಪ, ಅಮ್ಮ, ನಾನು ಒಂದೊಂದು ಪ್ರತಿ ಇರೋರು, ಕ್ಯಾರಿಯರ್. ನಮಗೆ ಸಾಮಾನ್ಯವಾಗಿ ದೊಡ್ಡ ತೊಂದ್ರೆ ಆಗಲ್ಲ. ಒಂದೇ ತಂದೆ ತಾಯಿ ಮಕ್ಕಳು, ಒಂದೇ ಮನೆ ಊಟ, ಅದರಲ್ಲೇ ಇಷ್ಟು ವ್ಯತ್ಯಾಸ. ಹಾಗಿರುವಾಗ ಜಾತಿ ಹೆಸರು ಕೇಳಿದ್ರೆ ಸಾಕು ಅಂದ್ಕೊಳ್ಳೋದೂ ತಪ್ಪು. ಬಹುಪಾಲು ವೈಶ್ಯರಿಗೆ ಈ ಕೊರತೆ ಇಲ್ಲ. ಬೇರೆ ಜನಾಂಗದವರಿಗೂ ಅಪರೂಪಕ್ಕೆ ಇರುತ್ತೆ. ಇನ್ನು ಹೆಸರು ನೋಡಿ ಹೇಳ್ತೀನಿ ಅಂದ್ರೆ ಇನ್ನೂ ಗೊಂದಲ. ನಮ್ಮನ್ನ ಊರಲ್ಲಿ ಶೆಟ್ರು ಅಂತಾರೆ, ಮಂಗಳೂರು ಕಡೆ ಶೆಟ್ಟಿ ಅಂದ್ರೆ ಬಂಟರು, ಲಿಂಗಾಯತ ಬಣಜಿಗರಲ್ಲೂ ಶೆಟ್ಟರು ಇದ್ದಾರೆ, ಮೂರಕ್ಕೂ ವಂಶದಲ್ಲಿ ಸಂಬಂಧ ಇಲ್ಲ. ಒಬ್ಬರು ಜೂನಿಯರ್ ಡಾಕ್ಟರ್ ತಮ್ಮನ ಫೈಲ್ ನೋಡಿ "ಗುಪ್ತ ಅಂತಿದೆ, ನಾರ್ತ್ ಇಂಡಿಯನ್ ಅಲ್ವಾ" ಅಂದಿದ್ರು, ನಮ್ಮಲ್ಲಿ ಗುಪ್ತ ಅಂತ ಇಟ್ಕೊಳ್ಳೋರು ಎಷ್ಟೋ ಜನ. ಯಾವ ಸಮುದಾಯ ಅನ್ನೋದು ಟೆಸ್ಟ್ ಮಾಡಿಸ್ಬೇಕು ಅನ್ನೋಕೆ ಒಂದು ಕಾರಣ, ಅಷ್ಟೇ. ಉತ್ತರ ರಕ್ತದಲ್ಲೇ ಸಿಗ್ಬೇಕು.

ಮನೆ ಒಳಗಿನ ಕಷ್ಟ ಇದಕ್ಕಿಂತ ದೊಡ್ಡದು. ಚಿಕ್ಕಪ್ಪನಿಗೆ ಹೇಳಿ ಅವರ ಮಕ್ಕಳಿಗೂ ಮಾಡಿಸಿ ಅಂದಾಗ ಅವರು ಕೈ ಮುಗಿದು "ಅಮ್ಮಾ, ಹುಡುಗಿಗೆ ಗಂಡು ನೋಡ್ತಿದೀವಿ, ಇದನ್ನೆಲ್ಲಾ ಎತ್ಬೇಡ" ಅಂದ್ರು. ಅವರ ಭಯ ಸುಳ್ಳಲ್ಲ, ಸಂಬಂಧ ಮುರಿಯೋಕೆ ಜನಕ್ಕೆ ಸಣ್ಣ ನೆಪ ಸಾಕು. ತಂಗಿ ಅತ್ತೆ ಬೇರೆ "ನಿಮ್ಮಲ್ಲಿ ಒಳಗೊಳಗೇ ಮದುವೆ ಆಗಿ ಆಗಿ ಹೀಗಾಗಿದೆ" ಅಂದುಬಿಟ್ರು, ಅವರೂ ನಮ್ಮವರೇ! ಅಪ್ಪ ಅಮ್ಮಂದು ಸೋದರ ಸಂಬಂಧ ಅಲ್ಲ, ಬೇರೆ ಬೇರೆ ಜಿಲ್ಲೆ, ಬೇರೆ ಗೋತ್ರ. ಇದನ್ನ ಕೌನ್ಸೆಲರ್ ಬಿಡಿಸಿ ಹೇಳಿದ್ರು. ಎರಡು ಮೂರು ಸಾವಿರ ವರ್ಷದ ಹಿಂದೆ ಕಮ್ಮಿ ಸಂಖ್ಯೆಯ ಪೂರ್ವಜರಿಂದ ಒಂದು ಗುಂಪು ಶುರುವಾಗಿ, ಆಮೇಲೆ ಗುಂಪಿನ ಒಳಗೇ ಮದುವೆ ನಡೆದ್ರೆ, ಆ ಮೊದಲಿನವರಲ್ಲಿ ಯಾರೋ ಒಬ್ಬರಲ್ಲಿದ್ದ ಬದಲಾವಣೆ ಇಡೀ ಗುಂಪಿನಲ್ಲಿ ಹರಡಿರುತ್ತೆ. ಗಂಡ ಹೆಂಡತಿಗೆ ಒಂದು ನೆಂಟಸ್ತನ ನೆನಪಿಲ್ದಿದ್ರೂ ಇಬ್ಬರ ಹತ್ರಾನೂ ಅದೇ ಪ್ರತಿ ಇರ್ಬಹುದು. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿ ಮತ್ತು ಹಾರ್ವರ್ಡ್‌ನವರು ಸೇರಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೈಶ್ಯರ ಉದಾಹರಣೇನೇ ಕೊಟ್ಟಿದ್ದಾರೆ, ಸುತ್ತಮುತ್ತ ಅಷ್ಟು ಜನ ಇದ್ರೂ ಇಷ್ಟು ಕಾಲ ಬೇರೆಯವರ ಜೊತೆ ಬೆರೆತದ್ದು ತೀರಾ ಕಮ್ಮಿ ಅಂತ.

ಇದು ನಮ್ಮ ಒಂದು ಜನದ ಕಥೆ ಅಲ್ಲ ಅನ್ನೋದನ್ನ ಅಪ್ಪನಿಗೆ ತೋರಿಸಿದ್ಮೇಲೆ ಅವರು ಸಮಾಧಾನ ಆಗಿದ್ದು. 2017ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 263 ಗುಂಪು ನೋಡಿ, ಅದರಲ್ಲಿ 81 ಗುಂಪುಗಳಲ್ಲಿ ಈ ಥರದ ಪರಿಣಾಮ ಫಿನ್‌ಲ್ಯಾಂಡಿನವರಿಗಿಂತ, ಅಶ್ಕೆನಾಝಿ ಯಹೂದಿಗಳಿಗಿಂತ ಜೋರಾಗಿದೆ ಅಂದಿದ್ದಾರೆ. ಆ ಎರಡು ಜನಾಂಗದ ಕಾಯಿಲೆಗಳ ಬಗ್ಗೆ ದಶಕಗಳಿಂದ ಪಟ್ಟಿ, ಟೆಸ್ಟ್, ಮದುವೆಗೆ ಮುಂಚಿನ ತಪಾಸಣೆ ಎಲ್ಲಾ ಇದೆ. ನಮ್ಮ 81ರಲ್ಲಿ ಎಷ್ಟರ ಬಗ್ಗೆ ಇದೆ? ಪ್ರತಿ ಗುಂಪಿಗೂ ಅದರದ್ದೇ ಆದ ಯಾವುದೋ ಒಂದು ಇರ್ಬಹುದು, ನಮ್ಮದು ಅನಸ್ತೇಷಿಯಾ ಡಾಕ್ಟರ್‌ಗಳ ಕಣ್ಣಿಗೆ ಬಿತ್ತು ಅಂತ ಗೊತ್ತಾಯ್ತು ಅಷ್ಟೇ. ನಮ್ಮ ಬೆಂಗಳೂರಿನ ಐಐಎಸ್‌ಸಿ ಕ್ಯಾಂಪಸ್‌ನಲ್ಲಿರೋ ಸೆಂಟರ್ ಫಾರ್ ಬ್ರೇನ್ ರಿಸರ್ಚ್ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೇಲಿ 83 ಗುಂಪುಗಳ ಸುಮಾರು ಹತ್ತು ಸಾವಿರ ಜನರ ಜೀನೋಮ್ ಓದಿದ್ದಾರೆ, 2025ರ ಜನವರಿಯಲ್ಲಿ ಸಂಶೋಧಕರಿಗೆ ಆ ಡೇಟಾ ತೆರೆದ್ರು. ದೊಡ್ಡ ಕೆಲಸ ಅದು, ಆದ್ರೆ ದೇಶದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಗುಂಪುಗಳಿವೆ, ಇನ್ನೂ ಎಷ್ಟೋ ಬಾಕಿ. ಯಾರಾದ್ರೂ ರಿಸರ್ಚ್‌ಗೆ ರಕ್ತ ಕೇಳಿದ್ರೆ, ಕನ್ಸೆಂಟ್ ಫಾರ್ಮ್ ಪೂರ್ತಿ ಓದಿ, ಹೆಸರು ಗುಟ್ಟಾಗಿ ಇಡ್ತಾರಾ, ನಮಗೆ ಸಂಬಂಧಪಟ್ಟ ವಿಷಯ ಸಿಕ್ರೆ ತಿಳಿಸ್ತಾರಾ ಅಂತ ಕೇಳಿ, ಸರಿ ಅನ್ಸಿದ್ರೆ ಕೊಡಿ ಅಂತ ನಾನು ಹೇಳ್ತೀನಿ. ಅಪ್ಪ ಅಂಥ ಫಾರ್ಮ್ ಬಂದ್ರೆ ಮೊದಲು ಸೈನ್ ಹಾಕೋನು ನಾನೇ ಅಂತಾರೆ ಈಗ.

ಕೊನೆಗೆ ತಮ್ಮನ ಆಪರೇಷನ್. ಪಿಎಸಿ ಅಂತ ಮಾಡ್ತಾರಲ್ಲ, ಆಪರೇಷನ್‌ಗೆ ಮುಂಚೆ ಅನಸ್ತೇಷಿಯಾ ತಪಾಸಣೆ, ಅದಕ್ಕೆ ಎಲ್ಲಾ ಫೈಲ್ ತಗೊಂಡು ಹೋದ್ವಿ. ಆ ಡಾಕ್ಟರ್ ಸರ್ ತುಂಬಾ ಖುಷಿಪಟ್ರು, ಇಷ್ಟು ಸ್ಪಷ್ಟವಾಗಿ ಯಾರೂ ತಂದುಕೊಡಲ್ಲಮ್ಮ ಅಂತ. ಅವರು ಹೇಳಿದ್ದು, ಸಕ್ಸ್ ಬಿಟ್ರೆ ದಾರಿ ಇಲ್ಲ ಅಂತೇನಿಲ್ಲ. ರೋಕ್ಯುರೋನಿಯಂ ಅನ್ನೋದನ್ನ ಕೊಡ್ಬಹುದು, ಅದಕ್ಕೆ ಈ ಎಂಜೈಮ್ ಬೇಕಿಲ್ಲ, ಅದರ ಪರಿಣಾಮ ಇಳಿಸೋಕೆ ಸುಗಮಡೆಕ್ಸ್ ಅಂತ ಔಷಧಿ ಇದೆ. ಆ ಸುಗಮಡೆಕ್ಸ್ ಬಿಲ್‌ನಲ್ಲಿ ಬೇರೆಯಾಗಿ ಬಂತು, ಸಾವಿರಗಳಲ್ಲೇ, ಮುಂಚೆನೇ ಕೇಳಿಟ್ಕೊಳ್ಳಿ. ಸ್ನಾಯುಗಳು ಎಷ್ಟು ಚೇತರಿಸ್ಕೊಂಡಿವೆ ಅಂತ ನೋಡೋಕೆ ಕೈ ಹತ್ರ ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಹೆಬ್ಬೆರಳು ಅಲ್ಲಾಡುತ್ತಾ ಅಂತ ನೋಡೋ ಮಾನಿಟರ್ ಇರುತ್ತೆ, ಅದನ್ನ ಹಾಕ್ತೀನಿ, ಅದು ಸರಿ ಬರೋ ತನಕ ನಿದ್ದೆಯಿಂದ ಎಬ್ಬಿಸಲ್ಲ ಅಂದ್ರು. ತಂಗಿಗೆ ಬೇಕಾಗಿದ್ದ ಮಾತು ಅದು. ಅವಳು ಅವತ್ತು ಮಗೂನ ಅತ್ತೆ ಹತ್ರ ಬಿಟ್ಟು ಓಟಿ ಹೊರಗೆ ನಮ್ಮ ಜೊತೆಗೇ ಕೂತಿದ್ಲು, ಬೇಡ ಅಂದ್ರೂ ಕೇಳ್ಲಿಲ್ಲ.

ಬೆಳಿಗ್ಗೆ ಒಳಗೆ ಕರ್ಕೊಂಡು ಹೋಗೋ ಮುಂಚೆ ಅವನ ಮಣಿಕಟ್ಟಿಗೆ ಕೆಂಪು ಬ್ಯಾಂಡ್ ಹಾಕಿಸಿದ್ವಿ, ಫೈಲ್ ಮೇಲೂ ಕೆಂಪು ಸ್ಟಿಕ್ಕರ್. ಪಿಎಸಿ ಮಾಡಿದ ಡಾಕ್ಟರೇ ಆಪರೇಷನ್ ದಿನ ಇರ್ತಾರೆ ಅನ್ನೋ ಗ್ಯಾರಂಟಿ ಇಲ್ಲ, ನಮಗೂ ಬೇರೆಯವರೇ ಬಂದ್ರು, ಹಾಗಾಗಿ ಓಟಿ ಬಾಗಿಲಲ್ಲಿ ಮತ್ತೊಂದು ಸಲ ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ.

ಇನ್ನು ಜೊತೆಗಿಟ್ಕೊಳ್ಳೋ ಲೆಟರ್ ಬಗ್ಗೆ. ನಮ್ಮದರಲ್ಲಿ ಎಂಜೈಮ್ ಲೆವೆಲ್ ಮತ್ತು ತಾರೀಖು, ಜೀನ್ ರಿಪೋರ್ಟ್‌ನ ಎರಡೂ ನಂಬರ್, ಕೊಡಬಾರದ ಔಷಧಿಗಳ ಹೆಸರು, ಯಾವ ಡಾಕ್ಟರನ್ನ ಸಂಪರ್ಕಿಸ್ಬೇಕು ಅನ್ನೋದು ಇದೆ. ಲ್ಯಾಮಿನೇಟ್ ಮಾಡಿ ಪರ್ಸ್‌ನಲ್ಲೊಂದು, ಫೋಟೋ ತೆಗೆದು ಮನೆಯವರೆಲ್ಲರ ಮೊಬೈಲ್‌ನಲ್ಲೊಂದು. ಮಾನಸಿಕ ಚಿಕಿತ್ಸೇಲಿ ಇಸಿಟಿ, ಅಂದ್ರೆ ಮೆದುಳಿಗೆ ಸಣ್ಣ ಕರೆಂಟ್, ಕೊಡುವಾಗಲೂ ಸಕ್ಸ್ ಬಳಸ್ತಾರೆ, ಅಲ್ಲೂ ತೋರಿಸ್ಬೇಕು. ಹಲ್ಲಿನ ಡಾಕ್ಟರ್ ಹತ್ರ ಏನ್ಮಾಡೋದು ಅಂತ ಬಹಳ ಜನ ಕೇಳ್ತಿದ್ದಾರೆ. ಅಲ್ಲಿ ಸಾಮಾನ್ಯವಾಗಿ ಹಾಕೋದು ಲಿಗ್ನೋಕೇನ್, ಅದಕ್ಕೆ ಈ ಎಂಜೈಮ್ ಸಂಬಂಧ ಇಲ್ಲ, ಹೆದರ್ಬೇಡಿ. ಪ್ರೊಕೇನ್, ಕ್ಲೋರೋಪ್ರೊಕೇನ್ ಜಾತಿಯ ಮರಗಟ್ಟಿಸೋ ಔಷಧಿಗಳು ಮಾತ್ರ ಇದೇ ಎಂಜೈಮಿಂದ ಒಡೆಯೋವು, ಕ್ಲೋರೋಪ್ರೊಕೇನ್ ಈಗ ಬೆನ್ನಿಗೆ ಕೊಡೋ ಇಂಜೆಕ್ಷನ್‌ಗೂ ಬಂದಿದೆ, ಅದನ್ನೂ ಲೆಟರ್‌ನಲ್ಲಿ ಸೇರಿಸೋಕೆ ಹೇಳಿ. ತಂಗಿ ಮಗನಿಗೆ ಒಂದು ಪ್ರತಿಯಂತೂ ಅವಳಿಂದ ಬಂದೇ ಬಂದಿರುತ್ತೆ, ತಂಗಿ ಗಂಡನೂ ವೈಶ್ಯನೇ ಆಗಿರೋದ್ರಿಂದ ಅವನದ್ದೂ ಟೆಸ್ಟ್‌ಗೆ ಕಳಿಸಿದೀವಿ, ರಿಪೋರ್ಟ್ ಇನ್ನೂ ಬರ್ಬೇಕು. ಚಿಕ್ಕಪ್ಪ ಮೊನ್ನೆ ಆಸ್ಪತ್ರೆಗೆ ತಮ್ಮನ್ನ ನೋಡೋಕೆ ಬಂದಿದ್ರು, ಹೋಗುವಾಗ ಆ ಲ್ಯಾಬ್ ವಿಳಾಸ ವಾಟ್ಸಾಪ್ ಮಾಡು ಅಂದ್ರು, ಮಾಡಿದೀನಿ.